ನಿರ್ಮಾಲ್ಯದ ಬಾವಿ

ಸೇಡಂ
18 ನವೆಂಬರ್ 2024

ಈ ಪತ್ರ ಒಡೆದವರು ಯಾರೇ ಆಗಿರಿ, ನಿಮಗೆ ನಾಚಿಕೆ ಎಂಬುದಿದೆಯೇ? ಮೇಲೆ ಹೆಸರು ಬರೆದಿದೆ, ಊರು ಬರೆದಿದೆ, ಅನ್ನದ ಅಗುಳು ಹಚ್ಚಿ ಮುಚ್ಚಿದೆ. ಆದರೂ ಕೈ ತಡೆಯಲಿಲ್ಲ. ಕಂಡಕ್ಟರ್ ಲಕ್ಷ್ಮಿಕಾಂತಾ, ನೀನೇ ಆಗಿದ್ದರೆ ಇಲ್ಲಿಗೇ ಮಡಿಚಿ ಚೀಲಕ್ಕೆ ಹಾಕು. ಹೋದ ಸಲ ನನ್ನ ಮೊಣಕಾಲು ನೋವಿನ ಸುದ್ದಿ ಚಿಂಚೋಳಿ ಬಸ್ಸಿಗೆಲ್ಲ ಗೊತ್ತಾಗಿತ್ತು. ಪ್ರಮಿತಾ, ನೀನೇ ಓದುತ್ತಿದ್ದರೆ ಬೈಗುಳದಲ್ಲಿ ನಿನಗೂ ಪಾಲಿದೆ. ತಿಂಗಳಾಯಿತು, ಒಂದು ಸಾಲು ಇಲ್ಲ. ನೀನು ಫೋನಿನಲ್ಲಿ ಗಂಡನ ಜೊತೆ ಮಾತಾಡುತ್ತೀ, ಅವನು ನನ್ನ ಕಿವಿಯ ಹತ್ತಿರ ಬಂದು "ಎಲ್ಲಾ ಅರಾಮ ಅದ ಅವ್ವಾ" ಎಂದು ಕೂಗುತ್ತಾನೆ. ನನ್ನ ಕಿವಿ ಹೋಗಿದೆ, ಬುದ್ಧಿ ಹೋಗಿಲ್ಲ.

ಚಿ. ಸೌ. ಪ್ರಮಿತಾಳಿಗೆ ಅತ್ತೆ ಸರಸ್ವತಿಬಾಯಿಯ ಆಶೀರ್ವಾದ.

ಜೂನ್‌ನಲ್ಲಿ ನಿನಗೆ ಐನಾಪುರದ ಸಾಲೆಗೆ ವರ್ಗವಾಯಿತು. ಏಳು ವರ್ಷದ ಶ್ರೀವಾಣಿಯನ್ನು ಕರೆದುಕೊಂಡು ಚಂದಾಪುರದ ಬಾಡಿಗೆ ಮನೆಗೆ ಹೋದೆ. ಅಂದಿನಿಂದ ಈ ಮನೆಯಲ್ಲಿ ಮಧ್ಯಾಹ್ನಗಳು ಭಾಳ ಉದ್ದವಾಗಿವೆ. ವಾಸುದೇವ ವಾಡಿಯ ರೈಲ್ವೆ ಡ್ಯೂಟಿಗೆ ಹೋದ ಮೇಲೆ ನಾನು ಹಿತ್ತಲ ಪರಸಿಕಲ್ಲಿನ ಮೇಲೆ ಕೂತು ಬಾವಿಯೊಳಗಿನ ಆಕಾಶ ನೋಡುತ್ತೇನೆ. ಮೇಲಿನ ಆಕಾಶಕ್ಕೆ ಸಿಮೆಂಟಿನ ಧೂಳು ಹಿಡಿದಿದೆ. ಕೆಳಗಿನದು ಸ್ವಚ್ಛ ಇದೆ. ದೇವರಮನೆಯಲ್ಲಿ ಸ್ತೋತ್ರದ ಡಬ್ಬಿ ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿರುತ್ತದೆ. ನನಗೆ ಕೇಳಿಸುವುದಿಲ್ಲ, ಆದರೆ ಅದರ ಮೇಲೆ ಅಂಗೈ ಇಟ್ಟರೆ ಗುಬ್ಬಿಯ ಎದೆಯಂತೆ ನಡುಗುವುದು ತಿಳಿಯುತ್ತದೆ.

ಕೂಸಿನ ಹೊಟ್ಟೆನೋವು ಮತ್ತೆ ಶುರುವಾಗಿದೆಯಂತೆ. ದಸರೆಗೆ ಇಲ್ಲಿ ಬಂದು ಹತ್ತು ದಿನ ಇದ್ದಳಲ್ಲ, ಒಂದು ದಿನವಾದರೂ ಅತ್ತಳೇ? ಕೊನೆಯ ಎರಡು ದಿನ ಊಟ ಬೇಡ ಅಂದಳು, ಅದು ನಿನ್ನ ಹತ್ತಿರ ಹೋಗುವ ಮುನಿಸು. ತಪ್ಪೆಲ್ಲ ನಿಮ್ಮೂರಿನ ನಳದ ನೀರಿನದು. ಎಂಥೆಂಥ ಪೈಪಿನೊಳಗೆ, ಯಾರ್ಯಾರ ಮನೆ ಮುಂದೆ ಹಾದು ಬರುತ್ತದೋ. ಪತ್ರದ ಜೊತೆ ಎಂದಿನಂತೆ ಎರಡು ಬಾಟಲಿ ನಮ್ಮ ಬಾವಿಯ ನೀರು ಕಳಿಸಿದ್ದೇನೆ. ಮಡಿಯಲ್ಲಿ ಸೇದಿದ್ದು. ಬಸ್ಸು ಹತ್ತಿದ್ದಕ್ಕೆ ಮಡಿ ಹೋಗಿರುತ್ತದೆ, ಗುಣ ಹೋಗಿರುವುದಿಲ್ಲ. ಒಂದು ತುಳಸಿದಳ ಹಾಕಿ ದಿನಾ ಒಂದು ಉದ್ಧರಣೆ ಕೊಡು. ಚಮಚದಿಂದ ಕೊಡಬೇಡ, ಉದ್ಧರಣೆಯಿಂದಲೇ ಕೊಡು. ನಿನಗೆ ಎರಡೂ ಒಂದೇ, ನನಗೆ ಗೊತ್ತು.

ಸರಸ್ವತಿಬಾಯಿ


ಚಂದಾಪುರ
2 ಡಿಸೆಂಬರ್ 2024

ತೀರ್ಥರೂಪ ಅತ್ತೆಯವರಿಗೆ ಪ್ರಮಿತಾ ಮಾಡುವ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತು. ಅಗುಳು ಒಡೆದಿರಲಿಲ್ಲ, ಲಕ್ಷ್ಮಿಕಾಂತ ಅವರನ್ನು ಬೈಯಬೇಡಿ. ನೀರಿನ ಬಾಟಲಿಗಳೂ ಬಂದವು. ನೀವು ಹೇಳಿದಂತೆ ದಿನಾ ಸ್ನಾನವಾದ ಮೇಲೆ ಶ್ರೀವಾಣಿಗೆ ಒಂದು ಉದ್ಧರಣೆ ಕೊಡುತ್ತಿದ್ದೇನೆ.

ಅವಳ ಹೊಟ್ಟೆನೋವು ಬರುತ್ತದೆ, ಹೋಗುತ್ತದೆ. ಅದಕ್ಕಿಂತ ಬೇರೊಂದು ಸಂಗತಿ ನನ್ನನ್ನು ಕಾಡುತ್ತಿದೆ. ನಾಲ್ಕರ ಮಗ್ಗಿಯನ್ನು ಹೋದ ವರ್ಷ ನಿಮ್ಮ ತೊಡೆಯ ಮೇಲೆ ಕೂತು ಕಣ್ಣು ಮುಚ್ಚಿ ಹೇಳುತ್ತಿದ್ದಳು. ಈಗ ನಾಲ್ಕೈದಲೇ ಎಂದರೆ ಕಿಟಕಿಯತ್ತ ನೋಡುತ್ತಾಳೆ. ಬೈದರೆ ಅಳುವುದಿಲ್ಲ, ಸಿಟ್ಟಿನಿಂದ ಪಾಟಿ ಎಸೆಯುತ್ತಾಳೆ. ನಮ್ಮ ಶ್ರೀವಾಣಿ ಪಾಟಿ ಎಸೆಯುವವಳೇ ಅತ್ತೆ? ಮುಖ ಬಿಳಿಚಿಕೊಂಡಿದೆ. ಇಲ್ಲಿನ ದವಾಖಾನೆಯಲ್ಲಿ ಜಂತಿನ ಔಷಧ ಕೊಟ್ಟರು, ಉಪಯೋಗವಾಗಲಿಲ್ಲ.

ಇನ್ನೊಂದು ಮಾತು. ನಿಮ್ಮ ಅಕ್ಷರ ಮೊದಲು ಕಟ್ಟಿದ ಹೂವಿನ ಹಾಗೆ ಒಂದಕ್ಕೊಂದು ಅಂಟಿಕೊಂಡಿರುತ್ತಿತ್ತು. ಈಗ ಸಾಲು ನಡುಗುತ್ತದೆ. ಕೈಗೆ ಏನಾದರೂ ಆಗಿದೆಯೇ?

ಪ್ರಮಿತಾ


ಸೇಡಂ
10 ಡಿಸೆಂಬರ್ 2024

ಚಿ. ಸೌ. ಪ್ರಮಿತಾಳಿಗೆ ಆಶೀರ್ವಾದ.

ನನ್ನ ಕೈಗೆ ಏನೂ ಆಗಿಲ್ಲ. ವಾಸುದೇವ ತಂದ ಪೆನ್ನು ಕೆಟ್ಟದ್ದು. ಆಡಕಿಯ ಸಾಲೆಯಲ್ಲಿ ನಾಲ್ಕನೇ ಇಯತ್ತೆಯವರೆಗೆ ಕಲಿತವಳ ಅಕ್ಷರಕ್ಕೆ ಎಂ.ಎ. ಕಲಿತವಳು ತಪ್ಪು ಹುಡುಕುವುದು ಚೆಂದ ಅಲ್ಲ.

ಮಗ್ಗಿ ಮರೆತರೆ ಮರೆಯಲಿ. ಮಕ್ಕಳಿಗೆ ದೃಷ್ಟಿ ತಾಗುತ್ತದೆ. ನಿಮ್ಮ ಚಂದಾಪುರದಲ್ಲಿ ಆಫೀಸು, ಅಂಗಡಿ, ಬಜಾರು, ಎಷ್ಟು ಕಣ್ಣು! ಮೇಲೆ ನೀನು ಪುಡಿಕೆಯಲ್ಲಿನ ಕುರಕುಲು ತಿನಿಸುತ್ತೀ. ಇಲ್ಲಿದ್ದಾಗ ಕೂಸು ಬಾವಿ ನೀರು ಕುಡಿದು, ಭಕ್ಕರಿ ತಿಂದು, ಹಿತ್ತಲಲ್ಲಿ ಬೆಳೆಯಿತು. ಈ ಬಾವಿಯ ಕಟ್ಟೆಗೆ ಚಪ್ಪಲಿ ಕಾಲು ಹತ್ತಿಲ್ಲ. ನಮ್ಮತ್ತೆಯ ಕಾಲದಿಂದ ದೇವರ ಪೂಜೆಗೆ ಇದೇ ನೀರು. ವಾಸುದೇವ ಕ್ಯಾನಿನ ನೀರು ತರಿಸಿ ಕುಡಿಯುತ್ತಾನೆ, ಕುಡಿಯಲಿ. ರೈಲ್ವೆಯವರ ಹೊಟ್ಟೆಗೆ ಏನು ಬಿದ್ದರೂ ನಡೆಯುತ್ತದೆ.

ನಿನ್ನೆ ಬೆಳಗಿನ ಜಾವ ಒಂದು ಕನಸು ಬಿತ್ತು. ಬಾವಿಯ ತಳದಿಂದ ಸ್ತೋತ್ರ ಕೇಳಿಸಿತು. ಕಿವಿ ಹೋದ ಮೇಲೆ ಹತ್ತು ವರ್ಷಕ್ಕೆ ಮೊದಲ ಸಲ, ಇಷ್ಟು ಸ್ಪಷ್ಟವಾಗಿ ಒಂದೊಂದು ಅಕ್ಷರ. ಬಗ್ಗಿ ನೋಡಿದರೆ ನೀರಿನ ಕೆಳಗೆ ಸಣ್ಣ ಸಣ್ಣ ದೀಪ, ದೀಪಾವಳಿಯಂತೆ. ನಡುವೆ ಶ್ರೀವಾಣಿ ಚಕ್ಕಳಮಕ್ಕಳ ಕೂತು ಪಾಟಿಯ ಮೇಲೆ ಬರೆಯುತ್ತಿದ್ದಳು. ಬರೆದದ್ದೆಲ್ಲ ಹೊಗೆಯಂತೆ ನೀರಿನಲ್ಲಿ ಏಳುತ್ತಿತ್ತು. "ಏ ಕೂಸೇ, ಮ್ಯಾಲ ಬಾ" ಎಂದು ಕರೆದೆ. ಅವಳು ತಲೆ ಎತ್ತಿ, "ನೀನs ಬಿಟ್ಟೀ ಅಲ್ಲಾ ಅಜ್ಜೀ" ಅಂದಳು. ಎಚ್ಚರವಾದಾಗ ಬಾಯೊಳಗೆ ತಾಮ್ರದ ದುಡ್ಡು ಇಟ್ಟುಕೊಂಡಂಥ ರುಚಿ.

ಒಳ್ಳೆಯ ಕನಸು ಎಂದುಕೊಂಡೆ. ಮೊದಲೆಲ್ಲ ನಿರ್ಮಾಲ್ಯ ಬಿಡಲು ಮಳಖೇಡಕ್ಕೆ ಹೋಗಿ ಕಾಗಿಣಾ ಹೊಳೆಗೆ ಇಳಿಯುತ್ತಿದ್ದೆ. ಮೊಣಕಾಲು ಸೋತ ಮೇಲೆ ಎಂಟು ವರ್ಷದಿಂದ ಈ ಬಾವಿಗೇ ಬಿಡುತ್ತೇನೆ. ದೇವರಮನೆಯಲ್ಲಿ ಸೇವೆ ಮಾಡಿ ಮುಗಿಸಿದ್ದನ್ನು ಕಸದಲ್ಲಿ ಹಾಕಿ ಯಾರೋ ತುಳಿಯುವಂತೆ ಮಾಡಬಾರದು. ಹೊಳೆಯ ನೀರೂ ಅವನದೇ, ಬಾವಿಯ ನೀರೂ ಅವನದೇ. ಅದಕ್ಕೇ ಬಾವಿ ಹಾಡುತ್ತದೆ.

ಎಳ್ಳಮಾಸಿ ಹಬ್ಬಕ್ಕೆ ಬರುವಾಗ ಕೂಸನ್ನು ಕರೆದುಕೊಂಡು ಬಾ. ತೊಗರಿಕಾಯಿ ಬಂದಿವೆ. ಕುದಿಸಿ ಉಪ್ಪು ಹಚ್ಚಿ ಕೊಡುತ್ತೇನೆ.

ಸರಸ್ವತಿಬಾಯಿ


ಚಂದಾಪುರ
6 ಜನವರಿ 2025

ತೀರ್ಥರೂಪ ಅತ್ತೆಯವರಿಗೆ ನಮಸ್ಕಾರಗಳು.

ಎಳ್ಳಮಾಸಿಗೆ ಬರಲಾಗಲಿಲ್ಲ. ಕಾರಣ ಫೋನಿನಲ್ಲಿ ಹೇಳಿ ನಿಮಗೆ ಕೂಗಿಸುವಂಥದ್ದಲ್ಲ, ಆದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಮನೆಯ ಮೇಲಿನ ಅಂತಸ್ತಿನಲ್ಲಿ ತಬಸ್ಸುಮ್ ಎಂಬ ಹುಡುಗಿ ಇದ್ದಾಳೆ. ದವಾಖಾನೆಯಲ್ಲಿ ರಕ್ತ ತಪಾಸಣೆ ಮಾಡುವ ಕೆಲಸ. ಶ್ರೀವಾಣಿ ಮೆಟ್ಟಿಲ ಮೇಲೆ ಹೊಟ್ಟೆ ಹಿಡಿದು ಕೂತದ್ದನ್ನು ಎರಡು ಮೂರು ಸಲ ನೋಡಿ, "ಟೀಚರ್, ಒಂದು ಬ್ಯಾರೇನೇ ತಪಾಸಣೆ ಮಾಡ್ಸೂಣು. ಏನೂ ಇಲ್ಲಂದ್ರ ಒಳ್ಳೇದೇ ಆಯ್ತಲ್ರೀ" ಅಂದಳು. ರಕ್ತವನ್ನು ಹೈದರಾಬಾದಿಗೆ ಕಳಿಸಿದೆವು. ಉತ್ತರ ಬಂದಿದೆ. ಅವಳ ರಕ್ತದಲ್ಲಿ ಸೀಸ ಸೇರಿದೆ. ಐದರ ಒಳಗಿರಬೇಕಾದದ್ದು ಇಪ್ಪತ್ತೆರಡು ಇದೆ.

ಕಲಬುರಗಿಯ ಮಕ್ಕಳ ಡಾಕ್ಟರನ್ನು ಕಂಡು ಬಂದೆ. ಸೀಸ ಮಕ್ಕಳ ಮಿದುಳಿಗೆ ಹೋಗಿ ಕೂರುತ್ತದಂತೆ. ಮರೆವು, ಸಿಟ್ಟು, ಹೊಟ್ಟೆನೋವು ಎಲ್ಲ ಅದರದೇ. ಹಾಲು, ಸೊಪ್ಪು, ನಿಂಬೆ, ಕಬ್ಬಿಣದ ಔಷಧ ಕೊಡಿ, ದೇಹ ತಾನೇ ನಿಧಾನವಾಗಿ ಹೊರಹಾಕುತ್ತದೆ ಎಂದರು. ಆದರೆ ಮುಖ್ಯ ಮಾತು ಬೇರೆ. "ಒಳಗ ಹೋಗೋ ದಾರಿ ಯಾವ್ದು ಅಂತ ಮೊದ್ಲು ಹುಡುಕ್ರಿ. ಅದು ಮುಚ್ಚಲಿಲ್ಲಂದ್ರ ನಾ ಏನ್ ಕೊಟ್ರೂ ನೀರಾಗಿನ ಹೋಮ."

ನನ್ನ ಮನೆಯನ್ನೆಲ್ಲ ಜಾಲಾಡಿದೆ. ಗೋಡೆಯ ಬಣ್ಣ, ಕಾಡಿಗೆ, ಆಟಿಕೆ, ಪಾತ್ರೆಯ ಕಲಾಯಿ. ಏನೂ ಸಿಗಲಿಲ್ಲ. ಅವಳು ಹುಟ್ಟಿನಿಂದ ಹೋದ ಜೂನ್‌ವರೆಗೆ ಇದ್ದದ್ದು ಸೇಡಂನಲ್ಲಿ. ಹಾಗಾಗಿ ಕೇಳುತ್ತಿದ್ದೇನೆ, ತಪ್ಪು ತಿಳಿಯಬೇಡಿ. ಮನೆಯಲ್ಲಿ ಎಲ್ಲಾದರೂ ಹಳೆಯ ಬ್ಯಾಟರಿ ಬಿದ್ದಿದೆಯೇ? ಗಾಡಿಯದು, ಚಾರ್ಜಿಂಗ್ ಲೈಟಿನದು? ಅವುಗಳ ಒಳಗೆ ಸೀಸ ಇರುತ್ತದೆಯಂತೆ. ಒಡೆದರೆ ಮಣ್ಣಿಗೂ ನೀರಿಗೂ ಇಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ, ವಾಸನೆ ಇಲ್ಲ.

ದಯವಿಟ್ಟು ಬೇಗ ಬರೆಯಿರಿ.

ಪ್ರಮಿತಾ


ಸೇಡಂ
12 ಜನವರಿ 2025

ಪ್ರಮಿತಾಳಿಗೆ.

ನಮ್ಮ ಮನೆಯಲ್ಲಿ ಒಂದೂ ಹಳೆಯ ಬ್ಯಾಟರಿ ಇಲ್ಲ. ಅಟ್ಟದ ಮೇಲೆ ನೋಡಿದೆ, ಮಂಚದ ಕೆಳಗೆ ನೋಡಿದೆ. ಇಲ್ಲ.

ಏಳು ವರ್ಷ ಎತ್ತಿ ಆಡಿಸಿದ ಕೈಯನ್ನು ಹೀಗೆ ವಿಚಾರಿಸುವ ಕಾಲ ಬಂತು. ಇರಲಿ. ಧೂಳಿನಿಂದ ಆಗಿರಬಹುದು. ಈ ಸುತ್ತಿನ ಊರಲ್ಲೆಲ್ಲ ತುಳಸಿಯ ಎಲೆಯ ಮೇಲೂ ಹಿಟ್ಟು ಜರಡಿ ಹಿಡಿದಂತೆ ಕೂರುತ್ತದೆ. ಡಾಕ್ಟರಿಗೆ ಅದನ್ನು ಹೇಳು.

ಈ ವಾರ ನೀರಿನ ಬಾಟಲಿ ಕಳಿಸಿಲ್ಲ. ಲಕ್ಷ್ಮಿಕಾಂತ ರಜೆಯ ಮೇಲಿದ್ದಾನೆ. ಹಿಂದಿನವು ಉಳಿದಿದ್ದರೆ ಈಗಲೇ ಕೊಡಬೇಡ. ಹಳೆಯ ನೀರು, ನೆಗಡಿ ಆಗುತ್ತದೆ.

ಸಂಕ್ರಾಂತಿಯ ಎಳ್ಳು ಬೆಲ್ಲ ಪುಡಿಕೆ ಕಟ್ಟಿದ್ದೇನೆ. ಈ ಪತ್ರ ಕೊಡಲು ಅವನನ್ನೇ ಹುಡುಕುತ್ತೇನೆ.

ಸರಸ್ವತಿಬಾಯಿ


ಸೇಡಂ
2 ಫೆಬ್ರುವರಿ 2025

ಪ್ರಮಿತಾ,

ಲಕ್ಷ್ಮಿಕಾಂತ ರಜೆಯ ಮೇಲೆ ಇರಲಿಲ್ಲ. ಅದು ಸುಳ್ಳು. ಅವನ ಕೈಯಲ್ಲೇ ಆ ಪತ್ರ ಕೊಟ್ಟೆ, ನಿನಗೆ ತಿಳಿದೇ ಇರಬೇಕು. ಮನೆಯಲ್ಲಿ ಬ್ಯಾಟರಿ ಇಲ್ಲ ಎಂದದ್ದು ಸುಳ್ಳಲ್ಲ. ಸುಳ್ಳಿಗಿಂತ ಕೆಟ್ಟದ್ದು.

ನಿನ್ನ ಪತ್ರ ಓದಿದ ದಿನ ನಡು ಮಧ್ಯಾಹ್ನ ಬಾವಿಯ ಹತ್ತಿರ ಹೋದೆ. ಆ ಹೊತ್ತಿಗೆ ಬಿಸಿಲು ಸ್ವಲ್ಪ ಹೊತ್ತು ತಳದವರೆಗೂ ಬಗ್ಗಿ ನೋಡುತ್ತದೆ. ನೀರು ಕಡಿಮೆಯಾಗಿತ್ತು. ಅರಿಶಿನ ಹಚ್ಚಿದ ತಾಟಿನಂಥ ಬೆಳಕು ಇಳಿದು ನಿಂತಿತು, ಅದರೊಳಗೆ ಕಪ್ಪಗೆ ಏನೇನೋ ಕಂಡವು. ಕನಸಿನಲ್ಲಿ ಅವೇ ದೀಪವಾಗಿದ್ದವು. ನಾನು ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಬಿಸಿಲು ಎದ್ದು ಹೋಯಿತು.

ಕೇಳು. ಸ್ತೋತ್ರದ ಡಬ್ಬಿಯ ಸೆಲ್ಲು ಮುಗಿದರೆ ನಾನು ಅದನ್ನು ಕಸಕ್ಕೆ ಹಾಕುವುದಿಲ್ಲ. ದೇವರ ಹೆಸರು ಹೇಳಿ ಹೇಳಿ ಸತ್ತದ್ದು ಅದು. ಹೂವಿನ ಜೊತೆ ಕಟ್ಟಿ ಬಾವಿಗೆ ಬಿಟ್ಟೆ. ಎಂಟು ವರ್ಷ. ನಂದಾದೀಪದ ಪಕ್ಕದಲ್ಲಿದ್ದ ಚಾರ್ಜಿಂಗ್ ಲೈಟು ಕೆಟ್ಟಾಗ ಅದರ ಬ್ಯಾಟರಿಯನ್ನೂ ಬಿಟ್ಟೆ. ಹೋದ ವರ್ಷದ ಹಿಂದಿನ ಖಂಡೇನವಮಿಯ ಆಯುಧಪೂಜೆ ನೆನಪಿದೆಯೇ? ವಾಸುದೇವ ಸ್ಕೂಟರಿಗೆ ಹೊಸ ಬ್ಯಾಟರಿ ಹಾಕಿಸಿ ಹಳೆಯದನ್ನು ಪಕ್ಕದಲ್ಲೇ ಇಟ್ಟಿದ್ದ. ನಾನು ಎಲ್ಲಕ್ಕೂ ಕುಂಕುಮ ಹಚ್ಚಿ, ಹೂ ಇಟ್ಟು, ಆರತಿ ಮಾಡಿದೆ. ಮರುದಿನ ಅವನು ಅದನ್ನು ಗುಜರಿ ಒಯ್ಯುವ ಭಂಗಾರದವನ ಗಾಡಿಗೆ ಹಾಕುತ್ತೇನೆ ಎಂದ. ಪೂಜೆಯಾದ ವಸ್ತುವನ್ನು ಮುರುಕು ತಗಡಿನ ಜೊತೆ ಹಾಕುವುದೇ ಎಂದು ಬೈದೆ. ಅವನು ಡ್ಯೂಟಿಗೆ ಹೋದ ಮೇಲೆ ಹಗ್ಗ ಕಟ್ಟಿ ನಾನೇ ಇಳಿಸಿದೆ. ಅರ್ಧಕ್ಕೆ ಕೈ ಜಾರಿತು. ಕಲ್ಲಿಗೆ ಬಡಿದ ಸದ್ದು ನನಗೆ ಕೇಳಲಿಲ್ಲ, ಹಗ್ಗದಲ್ಲಿ ತಿಳಿಯಿತು.

ಆಮೇಲೆ ಎಂಟು ತಿಂಗಳು ದಿನಾ ಬೆಳಿಗ್ಗೆ ನಿನ್ನ ಮಗಳು ಕೈ ಚಾಚಿ ನಿಲ್ಲುತ್ತಿದ್ದಳು. ತೀರ್ಥ ಅಂತ ನಾನು ಕೊಟ್ಟೆ. ಸಾಲದು ಎಂದು ಮಧ್ಯಾಹ್ನ ತಂಬಿಗೆಯಲ್ಲೂ ಕೊಟ್ಟೆ. ಫಿಲ್ಟರ್ ನೀರು ಕೊಡಿ ಅತ್ತೆ ಎಂದು ನೀನು ಹೇಳಿ ಸಾಲೆಗೆ ಹೋಗುತ್ತಿದ್ದೆ. ನಾನು ಹೂಂ ಎನ್ನುತ್ತಿದ್ದೆ. ನೀನು ಗೇಟು ದಾಟಿದ ಮೇಲೆ ಆ ನೀರನ್ನು ಗಿಡಕ್ಕೆ ಸುರಿಯುತ್ತಿದ್ದೆ.

ಇದನ್ನು ಮಗನಿಗೆ ಹೇಳಲು ನನಗೆ ಹದಿನಾಲ್ಕು ದಿನ ಬೇಕಾಯಿತು. ಅವನು ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಕಲಬುರಗಿಗೆ ತಪಾಸಣೆಗೆ ಒಯ್ದ. ಬಂದು ನನ್ನ ಮುಂದೆ ಕಾಗದ ಇಟ್ಟು ಅಂಗಳದಲ್ಲಿ ನಿಂತುಬಿಟ್ಟ. ಅದರಲ್ಲಿ ಸೀಸ ಇದೆ ಎಂದು ಬರೆದಿತ್ತು.

ನಿನ್ನೆ ಅಂಬಾರಾಯ ಬಂದಿದ್ದ, ಊರಲ್ಲೆಲ್ಲ ಬಾವಿ ಸ್ವಚ್ಛ ಮಾಡುವವನು. ವಾಸುದೇವ ಅವನಿಗೆ ಬೂಟು, ರಬ್ಬರಿನ ಕೈಗವಸು ತಂದುಕೊಟ್ಟ. ಅವನು ಇಳಿದು ಬುಟ್ಟಿ ಬುಟ್ಟಿಯಾಗಿ ಮೇಲೆ ಕಳಿಸಿದ. ಊದಿದ ಸೆಲ್ಲು, ಸೀಳಿದ ಸೆಲ್ಲು, ಕೀವು ಸೋರಿದಂತೆ ಬಿಳಿ ಬೂಷ್ಟು. ಮೂಲೆ ಒಡೆದ ಬ್ಯಾಟರಿ ಕೊನೆಗೆ ಬಂತು. ಮೇಲೆ ಹತ್ತಿ ಬಂದು, ನನಗೆ ಕೇಳುವಂತೆ ಗಟ್ಟಿಯಾಗಿ ಕೂಗಿ ಕೇಳಿದ:

"ಅವ್ವಾರ, ಭಂಗಾರದ ಅಂಗಡೀನೇ ಅದ ತಳದಾಗ. ಯಾರು ಒಗದಾರ್ರೀ?"

"ಒಗದದ್ದಲ್ಲಪಾ, ಬಿಟ್ಟದ್ದು."

"ಬಿಟ್ಟದ್ದು ಅಂದ್ರ?"

"ದೇವರಮನೀದು. ನಿರ್ಮಾಲ್ಯ."

ಅವನು ಒಂದು ಸೆಲ್ಲನ್ನು ತಿರುವಿ ನೋಡಿದ. "ಹೂವು ಬಿಟ್ರ ಕೊಳೀತದ್ರೀ ಅವ್ವಾರ, ಮಣ್ಣಾಗ್ತದ. ಇದು ಮಣ್ಣಾಗೂ ಪೈಕಿ ಅಲ್ಲ."

ನಾನು ಆ ಸೆಲ್ಲನ್ನು ಅವನ ಕೈಯಿಂದ ತೆಗೆದುಕೊಂಡು ಬುಟ್ಟಿಗೆ ಹಾಕಿದೆ.

ನಮ್ಮತ್ತೆಯ ಕಾಲದಲ್ಲಿ ಅವನ ಅಪ್ಪ ಈ ಬಾವಿಯ ಕಟ್ಟೆ ಮುಟ್ಟುವಂತಿರಲಿಲ್ಲ. ಅದನ್ನು ಬದಲಿಸಿದವಳು ನಾನೂ ಅಲ್ಲ. ನಿನ್ನೆ ನಾನೇ ತಂಬಿಗೆ ತುಂಬಿ ಅವನ ಮುಂದೆ ಹಿಡಿದೆ. ಅದು ಕ್ಯಾನಿನ ನೀರೇ. ಅವನು ನಕ್ಕು ತನ್ನ ಬಾಟಲಿ ಎತ್ತಿ ತೋರಿಸಿದ. "ನಂದು ನಾ ತಂದೀನ್ರಿ ಅವ್ವಾರ. ನಿಮ್ಮನಿ ನೀರು ಬ್ಯಾಡ್ರಿ."

ಕೂಸಿನ ಡಾಕ್ಟರಿಗೆ ಹೇಳು, ದಾರಿ ಸಿಕ್ಕಿದೆ ಎಂದು. ದಾರಿ ಅವಳ ಅಜ್ಜಿ. ನಿನ್ನ ಮನೆಯಲ್ಲಿರುವ ಬಾಟಲಿಗಳ ನೀರನ್ನು ಅವಳಿಗೆ ಒಂದು ಹನಿಯೂ ಕೊಡಬೇಡ. ಜೂನ್‌ನಿಂದ ವಾರಕ್ಕೆರಡು ಬಾಟಲಿ ಕಳಿಸಿದ್ದೇನೆ, ನೀನು ನನ್ನ ಮಾತು ಕೇಳಿ ದಿನಾ ಕೊಟ್ಟಿದ್ದೀ. ಹುಟ್ಟಿ ಒಂದು ಮಾತು ಕೇಳದವಳು ಇದೊಂದನ್ನೇ ಯಾಕೆ ಕೇಳಿದೆ?

ಸರಸ್ವತಿಬಾಯಿ


ಚಂದಾಪುರ
9 ಮಾರ್ಚ್ 2025

ಅತ್ತೆಯವರಿಗೆ ನಮಸ್ಕಾರ.

ಐದು ವಾರ ಬರೆಯಲಿಲ್ಲ. ಮೊದಲ ವಾರ ನಿಮ್ಮ ಮೇಲಿನ ಸಿಟ್ಟಿಗೆ. ಎರಡನೆಯ ವಾರವೂ ಅದೇ. ಶ್ರೀವಾಣಿ ಮಲಗಿದ್ದಾಗ ಅವಳ ಹಣೆ ನೋಡುತ್ತಾ ಕೂತು, ಒಳಗೆ ಏನೇನು ಅಳಿಸಿಹೋಗಿದೆಯೋ ಎಂದು ಲೆಕ್ಕವಿಲ್ಲದಷ್ಟು ಸಲ ನಿಮ್ಮನ್ನು ಶಪಿಸಿದ್ದೇನೆ. ಬರೆಯದೆ ಇದ್ದರೆ ನಿಮಗೆ ಗೊತ್ತಾಗುತ್ತಿರಲಿಲ್ಲ, ಆದರೂ ಬರೆದಿದ್ದೇನೆ.

ಉಳಿದ ವಾರಗಳು ಸುಮ್ಮನಿದ್ದದ್ದು ನನ್ನದೇ ಕಾರಣಕ್ಕೆ.

ನಾನು ಆ ನೀರನ್ನು ಅವಳಿಗೆ ಕೊಟ್ಟಿಲ್ಲ. ಜೂನ್‌ನಲ್ಲಿ ಬಂದ ಮೊದಲ ಬಾಟಲಿಯಿಂದಲೇ ಕೊಟ್ಟಿಲ್ಲ. ಲಕ್ಷ್ಮಿಕಾಂತ ಅವರಿಂದ ತೆಗೆದುಕೊಂಡು ಮನೆಗೆ ಬಂದು ಬಚ್ಚಲಿಗೆ ಸುರಿದು, ಬಾಟಲಿ ತೊಳೆದು ವಾಪಸು ಕಳಿಸುತ್ತಿದ್ದೆ. ನಿಮಗೆ ಬರೆದ ಉದ್ಧರಣೆಯ ಮಾತೆಲ್ಲ ಸುಳ್ಳು.

ವಿಷ ಇದೆ ಎಂಬ ಅನುಮಾನದಿಂದ ಅಲ್ಲ. ನನಗೇನು ಗೊತ್ತಿತ್ತು? ಹಟಕ್ಕೆ. ಒಂಬತ್ತು ವರ್ಷ ಆ ಮನೆಯ ಸೊಸೆಯಾಗಿದ್ದೆ. ಸಾಲೆಗೆ ಹೋಗಿ ಬರುವವಳು, ಎಲ್ಲೆಲ್ಲೋ ಮುಟ್ಟಿ ಬರುವವಳು ಎಂದು ನೀವು ಒಂದು ದಿನವೂ ನನ್ನ ಕೈಯ ನೀರು ಕುಡಿಯಲಿಲ್ಲ. ನನಗೆ ನೆನಪಿದೆ, ನಿಮಗೆ ಜ್ವರ ಬಂದಾಗ ನಾನು ಲೋಟ ಹಿಡಿದು ನಿಂತಿದ್ದೆ, ನೀವು ಗೋಡೆಯ ಕಡೆ ಹೊರಳಿ ವಾಸುದೇವ ಬರಲಿ ಎಂದಿರಿ. ಅವತ್ತಿನಿಂದ ಒಳಗೆ ಒಂದು ಮುಳ್ಳು. ನನ್ನ ಕೈಯ ನೀರು ಅವರಿಗೆ ಬೇಡ, ಅವರ ಬಾವಿಯ ನೀರು ನನ್ನ ಮಗಳಿಗೂ ಬೇಡ. ಇಷ್ಟೇ.

ತಬಸ್ಸುಮ್‌ಗೆ ಇದನ್ನು ಹೇಳಿದೆ. ಅವಳು, "ನಿಮ್ ಸಿಟ್ಟೇ ಅಕೀನ್ನ ಕಾಪಾಡ್ಯದ ಟೀಚರ್" ಅಂದಳು. ನನಗೆ ಸಮಾಧಾನವಾಗಲಿಲ್ಲ. ಆ ಹತ್ತು ದಿನ ದಸರೆಗೆ ಕಳಿಸಿದವಳು ನಾನೇ.

ಹೊಸ ತಪಾಸಣೆಯಲ್ಲಿ ಹದಿನಾಲ್ಕಕ್ಕೆ ಇಳಿದಿದೆ. ನಾಲ್ಕರ ಮಗ್ಗಿ ಅರ್ಧದವರೆಗೆ ಬಂದಿದೆ. ಡಾಕ್ಟರು ಇನ್ನೂ ಏನೂ ಭರವಸೆ ಕೊಡುವುದಿಲ್ಲ.

ನೀವೂ ರಕ್ತ ಕೊಡಿ. ನಡುಗುವುದು ಪೆನ್ನಲ್ಲ.

ಪ್ರಮಿತಾ


ಸೇಡಂ
20 ಮಾರ್ಚ್ 2025

ಚಿ. ಸೌ. ಪ್ರಮಿತಾಳಿಗೆ ಅತ್ತೆಯ ಆಶೀರ್ವಾದ.

ಹಿರಿಯರಿಗೆ ಸುಳ್ಳು ಹೇಳಿದೆ. ಒಂದಲ್ಲ, ಏಳೆಂಟು ತಿಂಗಳು ಹೇಳಿದೆ. ನಿನ್ನ ಹೊಟ್ಟೆ ತಣ್ಣಗಿರಲಿ. ನಿನ್ನ ಪತ್ರ ಓದಿ ಹಿತ್ತಲ ಬಾಗಿಲ ಹೊಸ್ತಿಲ ಮೇಲೆ ಕೂತು ಅತ್ತೆ. ವಾಸುದೇವ ಓಡಿ ಬಂದು "ಏನಾತು ಅವ್ವಾ" ಅಂದ. ನಿನ್ನ ಹೆಂಡತಿ ನನ್ನ ಮಾತು ಕೇಳಿಲ್ಲ ಅಂದೆ. ಅವನು ಇನ್ನೊಂದು ಜಗಳ ಬಂತು ಎಂದು ತಲೆ ಹಿಡಿದುಕೊಂಡ. ಪೂರಾ ಹೇಳಿದ ಮೇಲೆ ಅವನೂ ಪಕ್ಕದಲ್ಲಿ ಕೂತ.

ಆದರೂ ಬೈಯದೆ ಬಿಡುವುದಿಲ್ಲ. ಬಚ್ಚಲಿಗೆ ಸುರಿದೆಯಲ್ಲ, ಆ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ? ಯಾವ ಕೂಸು ಆ ಕಾಲುವೆಯಲ್ಲಿ ಕಾಗದದ ದೋಣಿ ಬಿಡುತ್ತದೆ? ಇದೆಲ್ಲ ನನಗೆ ಈಗ ಹೊಳೆಯುತ್ತದೆ. ಮೊದಲು ನೀರು ಕಣ್ಣಿಂದ ಮರೆಯಾದರೆ ಮುಗಿಯಿತು ಎಂದುಕೊಂಡಿದ್ದೆ.

ರಕ್ತ ಕೊಟ್ಟೆ. ನನ್ನದು ನಲವತ್ತೊಂದು. ಕೂಸಿಗಿಂತ ಹೆಚ್ಚು ಬಂದದ್ದು ನ್ಯಾಯವೇ, ಮನೆಯ ಹಿರಿಯಳು ನಾನು.

ಬಾವಿಯ ನೀರನ್ನು ಎಲ್ಲಿಗೂ ಬಿಡಬೇಡಿ, ಮುಚ್ಚಿಡಿ ಎಂದು ನೀರು ತಪಾಸಣೆ ಮಾಡಿದವರು ಹೇಳಿದರು. ನಾಲ್ಕು ಜನ ಹಿಡಿದು ಅದರ ಬಾಯಿಗೆ ದೊಡ್ಡ ಪರಸಿಕಲ್ಲು ಎಳೆದರು. ಈಗ ಕೆಳಗಿನ ಆಕಾಶ ಇಲ್ಲ. ಮಧ್ಯಾಹ್ನ ನಿದ್ದೆ ಬಂದರೆ ಆ ಕಲ್ಲು ತೆಳ್ಳಗಾಗಿ ಹಪ್ಪಳದಂತೆ ನೀರಿನ ಮೇಲೆ ತೇಲುತ್ತದೆ. ಕೆಳಗಿನಿಂದ ಏನೂ ಹಾಡುವುದಿಲ್ಲ. ಸ್ತೋತ್ರದ ಡಬ್ಬಿಯನ್ನು ನಿಲ್ಲಿಸಿದ್ದೇನೆ. ನಾನೇ ಹೇಳುತ್ತೇನೆ, ನಡುನಡುವೆ ಮರೆಯುತ್ತದೆ. ಮರೆತಲ್ಲಿ ಸುಮ್ಮನೆ ಕೂರುತ್ತೇನೆ. ಆಮೇಲೆ ಮುಂದಿನದು ತಾನೇ ತೇಲಿ ಬರುತ್ತದೆ.

ನಳದ ನೀರನ್ನೇ ದೇವರಿಗೆ ಎರೆದೆ. ದೇವರೇನೂ ಎದ್ದು ಹೋಗಲಿಲ್ಲ.

ಬುಟ್ಟಿಯಲ್ಲಿ ಬಂದದ್ದನ್ನು ಡಬ್ಬಿಗೆ ಹಾಕಿ ಮುಚ್ಚಿ, ವಾಸುದೇವನ ಜೊತೆ ನಾನೇ ಬ್ಯಾಟರಿ ಅಂಗಡಿಗೆ ಹೋದೆ. ಅಂಗಡಿಯ ಅರುಣಕುಮಾರ ತೆಗೆದುಕೊಂಡ, ನನಗೆ ಕೇಳಲೆಂದು ಗಟ್ಟಿಯಾಗಿ ಕೂಗಿ ಮಾತಾಡಿದ. "ಸಣ್ಣ ಸೆಲ್ಲೂ ತೊಗೋತಿಯೇನಪಾ" ಅಂದೆ. "ಎಲ್ಲಾ ಕೊಡ್ರಿ ಅವ್ವಾರ. ಇವೆಲ್ಲಾ ಕಾರ್ಖಾನಿಗೆ ಹೋಗ್ತಾವ. ಸೀಸ ಕರಗಿಸಿ ಹೊಸಾ ಬ್ಯಾಟರಿ ಮಾಡ್ತಾರ. ಮನ್ಯಾಗ ಒಡೀಬಾರ್ದು, ಸುಡಬಾರ್ದು ನೋಡ್ರಿ."

"ಅಂದ್ರ ಅದಕ್ಕೂ ಮತ್ತೊಂದು ಜನ್ಮ ಅದ ಅನ್ನು. ಮೊದಲs ಯಾಕ ಹೇಳಲಿಲ್ಲ?"

"ನೀವು ಕೇಳ್ಬೇಕಲ್ರೀ."

ಎಪ್ಪತ್ನಾಲ್ಕು ವರ್ಷ ನಾನು ಯಾರನ್ನೂ ಏನೂ ಕೇಳಿಲ್ಲ, ಹೇಳಿದ್ದೇ ಜಾಸ್ತಿ. ಈಗ ಓಣಿಯ ಮನೆಮನೆಗೆ ಹೋಗಿ ಕೇಳುತ್ತೇನೆ. ಎದುರು ಮನೆಯವಳು ಸತ್ತ ಸೆಲ್ಲನ್ನು ನೀರು ಕಾಸುವ ಒಲೆಗೆ ಹಾಕುತ್ತಾಳೆ. ಅವಳ ಮೊಮ್ಮಗು ಅದೇ ಒಲೆಯ ಮುಂದೆ ಮೈ ಕಾಸಿಕೊಳ್ಳುತ್ತದೆ. ನನ್ನ ರಕ್ತದ ಕಾಗದ ತೋರಿಸಿದೆ. ಮೊದಲು ನಕ್ಕಳು, ಆಮೇಲೆ ಒಲೆಯ ಬೂದಿಯನ್ನೇ ನೋಡುತ್ತಾ ನಿಂತಳು. ಹಿಂದಿನ ಓಣಿಯವಳೊಬ್ಬಳು "ಸರಸ್ವತಿಬಾಯಿಗೆ ಭಂಗಾರದ ದಂಧೆ ಹತ್ತ್ಯದ" ಎಂದಳಂತೆ. ಅನ್ನಲಿ. ಅವಳ ಮನೆಗೂ ನಾಳೆ ಹೋಗುವುದಿದೆ.

ಇನ್ನು ನಿನ್ನ ಮುಳ್ಳಿನ ಮಾತು. ಆ ಜ್ವರದ ದಿನ ನನಗೂ ನೆನಪಿದೆ. ಗೋಡೆಯ ಕಡೆ ಹೊರಳಿದರೂ ನಿನ್ನ ಬಳೆಯ ನೆರಳು ಗೋಡೆಯ ಮೇಲೆ ಕಾಣುತ್ತಿತ್ತು. ಬಹಳ ಹೊತ್ತು ನಿಂತಿದ್ದೆ ನೀನು. ಬಾಯಾರಿತ್ತು ನನಗೆ. ಕುಡಿಯಲಿಲ್ಲ. ಮೈಲಿಗೆ ಹೊರಗಿನಿಂದ ಬರುತ್ತದೆ ಎಂದು ಕಾವಲು ಕಾಯುತ್ತಾ ಕೂತವಳು ನಾನು, ಒಳಗಿನ ಬಾವಿಗೆ ನನ್ನ ಕೈಯಿಂದಲೇ ಬಿಟ್ಟೆ. ತಪ್ಪಾಯಿತು ಎಂದು ಬರೆಯಲು ನನಗೆ ಸಾಲೆಯಲ್ಲಿ ಕಲಿಸಿರಲಿಲ್ಲ. ಈಗ ಬರೆದಿದ್ದೇನೆ, ಅಕ್ಷರ ನಡುಗಿದ್ದರೆ ನೀನೇ ಕೂಡಿಸಿ ಓದಿಕೊ.

ಏಪ್ರಿಲ್‌ನಲ್ಲಿ ಸಾಲೆಗೆ ಸೂಟಿ ಬರುತ್ತದೆ. ಕೂಸನ್ನು ಇಲ್ಲಿಗೆ ಕಳಿಸು ಎಂದು ಕೇಳುವ ಮುಖ ನನಗಿಲ್ಲ, ಕೇಳುವುದೂ ಇಲ್ಲ. ಈ ಮನೆಯ ಮಣ್ಣನ್ನೂ ತಪಾಸಣೆ ಮಾಡಿಸುವವರೆಗೆ ಅವಳು ಬರುವುದು ಬೇಡ. ನಾನೇ ಬರುತ್ತೇನೆ. ನಿನ್ನ ಬಾಡಿಗೆ ಮನೆಯಲ್ಲಿ ಒಂದು ಚಾಪೆಯಷ್ಟು ಜಾಗ ಸಾಕು. ಮಡಿಯ ಸೋವಳೆ ಸೀರೆ ತರುವುದಿಲ್ಲ, ನೀರಿನ ತಂಬಿಗೆಯನ್ನೂ ತರುವುದಿಲ್ಲ. ಬಸ್ಸಿಳಿದು ಬಂದು ಕೂತಾಗ ನನಗೆ ಬಾಯಾರಿರುತ್ತದೆ. ಕೂಸಿನ ಎದುರಿಗೆ ನೀನು ಕೊಟ್ಟರೆ ನಿನ್ನ ಕೈಯಿಂದ ಕುಡಿಯುತ್ತೇನೆ.

ಕೊಡಲಾರೆ ಎಂದಾದರೆ ಅದನ್ನೂ ಬರೆ. ನನಗೆ ಸಿಟ್ಟು ಬರುತ್ತದೆ, ಆದರೆ ಅರ್ಥವೂ ಆಗುತ್ತದೆ. ಬಾ ಅಥವಾ ಬೇಡ, ಎರಡರಲ್ಲಿ ಒಂದನ್ನು ದೊಡ್ಡ ಅಕ್ಷರದಲ್ಲಿ ಬರೆ. ಫೋನಿನಲ್ಲಿ ಗಂಡನಿಗೆ ಹೇಳಿ ಕೂಗಿಸಬೇಡ. ಮುಂದಿನ ತಿಂಗಳು ಹುಟ್ಟುವುದರೊಳಗೆ ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು, ತಿಳಿಯಿತೇ?

ಸರಸ್ವತಿಬಾಯಿ